ಬೆಂಚು ಕಾಯುವುದಕ್ಕೆ ಕಬಡ್ಡಿ ಕಲಿಯಬೇಕಾ?

ಮೇ ತಿಂಗಳು ಬಂತೆಂದರೆ ನಮ್ಮ ಕಡೆ ಹಲಸು, ಮಾವಿನ ಜೊತೆಗೆ ಇನ್ನೊಂದು ವಿಷಯವೂ ಜಗುಲಿಗೆ ಬರುತ್ತದೆ. "ಹುಡುಗ ಕಬಡ್ಡಿ ಚೆನ್ನಾಗಿ ಆಡ್ತಾನೆ. ಊರ ಹೈಸ್ಕೂಲಿನಲ್ಲೇ ಬಿಡೋದಾ, ಅಥವಾ ಒಳ್ಳೇ ಟೀಮು ಇರೋ ಕಡೆ ಹಾಕೋದಾ?" ಭಟ್ಕಳ, ಹೊನ್ನಾವರ, ಕುಮಟಾ ಈ ಮೂರೂ ತಾಲೂಕಿನಲ್ಲಿ ಕಬಡ್ಡಿ, ವಾಲಿಬಾಲ್ ಆಡುವ ಮಕ್ಕಳಿರುವ ಮನೆಗಳಲ್ಲಿ ಈ ಪ್ರಶ್ನೆ ಇದ್ದದ್ದೇ. ಊರ ಶಾಲೆಯಲ್ಲಿದ್ದರೆ ಹುಡುಗ ಪ್ರತಿ ಮ್ಯಾಚೂ ಪೂರ್ತಿ ಆಡುತ್ತಾನೆ, ಆದರೆ ಟೀಮು ಸೋಲುತ್ತದೆ. ದೊಡ್ಡ ಟೀಮಿಗೆ ಹೋದರೆ ಟೀಮು ಗೆಲ್ಲುತ್ತದೆ, ಹುಡುಗ ಗೆರೆಯಾಚೆ ಕೂತು ಚಪ್ಪಾಳೆ ತಟ್ಟುತ್ತಾನೆ.

ಜಗುಲಿಯ ತೀರ್ಪು ಮಾತ್ರ ಯಾವಾಗಲೂ ಒಂದೇ. "ದೊಡ್ಡ ಟೀಮಿಗೆ ಹಾಕಿ ಮಾರಾಯ್ರೇ, ಕೂತ್ರೂ ಅಡ್ಡಿಲ್ಲ, ಅಲ್ಲಿ ಕೂತ್ರೇ ಒಂದು ಲೆಕ್ಕ." ನನ್ನ ತಕರಾರು ಇರುವುದು ಈ 'ಕೂತ್ರೂ ಅಡ್ಡಿಲ್ಲ' ಎಂಬ ಮಾತಿನ ಮೇಲೆ. ಅಡ್ಡಿ ಇದೆ. ಬಹಳ ಇದೆ.

ಮೊದಲು ಲೆಕ್ಕ ನೋಡೋಣ. ಕಬಡ್ಡಿ ಟೀಮಿನಲ್ಲಿ 12 ಜನ, ಅಂಕಣದಲ್ಲಿ 7 ಜನ. ಉಳಿದ 5 ಜನ ಎಕ್ಸ್‌ಟ್ರಾ. ಕಿರಿಯರ ಮ್ಯಾಚು 15 ನಿಮಿಷದ ಎರಡು ಅವಧಿ. ಒಂದು ರೈಡಿಗೆ ಹೆಚ್ಚೆಂದರೆ 30 ಸೆಕೆಂಡು. ಅಂದರೆ ಒಂದು ಮ್ಯಾಚಿನಲ್ಲಿ ಒಂದೊಂದು ಟೀಮಿಗೂ ಸುಮಾರು 30 ರೈಡು. ಸಾಧಾರಣ ಟೀಮಿನ ಮುಖ್ಯ ರೈಡರಿಗೆ ಅದರಲ್ಲಿ ಹತ್ತು ಹನ್ನೆರಡಾದರೂ ಸಿಗುತ್ತದೆ. ಎದುರಿಗೆ ಏಳೂ ಜನ ಇರುವಾಗ ಬೋನಸ್ ಗೆರೆ ಮುಟ್ಟುವುದು, ಎರಡು ರೈಡು ಖಾಲಿ ಹೋದ ಮೇಲೆ ಮೂರನೆಯದರಲ್ಲಿ ಏನಾದರೂ ಮಾಡಲೇಬೇಕಾದ ಸಂಕಟ, ಜೊತೆಯವರೆಲ್ಲ ಔಟಾಗಿ ಒಬ್ಬನೇ ಉಳಿದಾಗಿನ ಎದೆಬಡಿತ ಎಲ್ಲವೂ ಅವನ ಪಾಲಿಗೆ ಬರುತ್ತದೆ. ಎಕ್ಸ್‌ಟ್ರಾ ಹುಡುಗನಿಗೆ ಸಿಗುವ ರೈಡು ಎಷ್ಟು? ಸೊನ್ನೆ. ಟೀಮು ಇಪ್ಪತ್ತು ಪಾಯಿಂಟು ಮುಂದಿದ್ದು ಇನ್ನು ಎರಡೇ ನಿಮಿಷ ಉಳಿದಿದ್ದರೆ ಒಂದೆರಡು. ಎಂಜಿ ಕೈ ಒರೆಸಿಕೊಂಡ ಹಾಗೆ.

"ಹಾಗಲ್ಲ, ದೊಡ್ಡ ಟೀಮಿನಲ್ಲಿ ದಿನಾ ಸಂಜೆ ಪ್ರಾಕ್ಟೀಸಿನಲ್ಲಿ ಒಳ್ಳೊಳ್ಳೆ ಹುಡುಗರ ಎದುರಿಗೆ ಆಡ್ತಾನಲ್ಲ?" ಎಂದು ಕೇಳುವವರಿದ್ದಾರೆ. ಒಳ್ಳೆಯ ಪ್ರಶ್ನೆ, ತಳ್ಳಿಹಾಕುವಂಥದ್ದಲ್ಲ. ಬಲವಾದ ಕಾರ್ನರಿನ ಕೈಗೆ ಕಾಲು ಕೊಟ್ಟು ಬಿಡಿಸಿಕೊಳ್ಳುವುದನ್ನು ಊರ ಟೀಮಿನಲ್ಲಿ ಕಲಿಯಲಾಗುವುದಿಲ್ಲ, ಒಪ್ಪಿದೆ. ಆದರೆ ಪ್ರಾಕ್ಟೀಸಿನಲ್ಲಿ ಔಟಾದರೆ ಏನೂ ಹೋಗುವುದಿಲ್ಲ. ಮ್ಯಾಚಿನಲ್ಲಿ ಔಟಾದರೆ ಜೊತೆಯವರ ಮುಖ ನೋಡಬೇಕು, ಮಾಸ್ತರ ಕಣ್ಣು ತಪ್ಪಿಸಬೇಕು, ಮತ್ತೆ ಜೀವ ಬಂದು ಒಳಗೆ ಬಂದಾಗ ಹೆದರದೆ ಗೆರೆ ದಾಟಬೇಕು. ಆಟಗಾರ ಆಗುವುದು ಅಲ್ಲಿ. ಈಜು ಕಲಿಯುವವನು ಶರಾವತಿಯ ದಡದಲ್ಲಿ ಕೂತು ಬೇರೆಯವರು ಈಜುವುದನ್ನು ಎಷ್ಟು ವರ್ಷ ನೋಡಿದರೂ ನೀರಿನ ಭಯ ಹೋಗುವುದಿಲ್ಲ.

ಇನ್ನೊಂದು ವಿಷಯ ನಮ್ಮ ಕಡೆಯ ಮಕ್ಕಳಿಗೆ ವಿಶೇಷವಾಗಿ ಅನ್ವಯ. ಇವರ ಆಟದ ಆಯುಷ್ಯ ಎಷ್ಟು ಹೇಳಿ? ಎಂಟನೆಯ ಕ್ಲಾಸು, ಒಂಬತ್ತನೆಯ ಕ್ಲಾಸು. ಹತ್ತಕ್ಕೆ ಬಂದ ಕೂಡಲೇ ಎಸ್ಸೆಸ್ಸೆಲ್ಸಿ ಎಂಬ ಭೂತ ಹಿಡಿದು ಮನೆಯವರೇ ಶೂ ಎತ್ತಿಡುತ್ತಾರೆ. ಹೆಣ್ಣುಮಕ್ಕಳದಂತೂ ಇನ್ನೂ ಬೇಗ. ಹೀಗಿರುವಾಗ "ಎರಡು ವರ್ಷ ಕೂತಿರಲಿ, ಆಮೇಲೆ ಚಾನ್ಸು ಸಿಗುತ್ತದೆ" ಅನ್ನುವುದಕ್ಕೆ ಏನರ್ಥ? ಆ ಎರಡೇ ವರ್ಷ ಇದ್ದದ್ದು! ಅದನ್ನು ಬೆಂಚಿಗೆ ಕೊಟ್ಟ ಮೇಲೆ ಉಳಿಯುವುದು ಮಡಚಿಟ್ಟ ಜೆರ್ಸಿ ಮಾತ್ರ.

ಹದಿಮೂರು ಹದಿನಾಲ್ಕರ ವಯಸ್ಸಿನಲ್ಲಿ ಯಾರು 'ಸ್ಟ್ರಾಂಗು' ಎಂದು ತೀರ್ಮಾನಿಸುವುದೇ ದೊಡ್ಡ ತಮಾಷೆ. ಶಾಲಾ ಕ್ರೀಡಾಕೂಟಗಳಲ್ಲಿ 14ರೊಳಗೆ, 17ರೊಳಗೆ, 19ರೊಳಗೆ ಎಂದು ವಯಸ್ಸಿನ ವಿಭಾಗಗಳಿವೆ. ಒಂದೇ ವಿಭಾಗದಲ್ಲಿ ಒಬ್ಬ ಹುಡುಗನಿಗೆ ಆಗಲೇ ಮೀಸೆ ಚಿಗುರಿರುತ್ತದೆ, ಇನ್ನೊಬ್ಬನ ಧ್ವನಿಯೂ ಒಡೆದಿರುವುದಿಲ್ಲ. ಕೆನಡಾದಲ್ಲಿ 1980ರ ದಶಕದಲ್ಲೇ ಐಸ್ ಹಾಕಿ ಆಟಗಾರರ ಹುಟ್ಟಿದ ತಿಂಗಳು ಲೆಕ್ಕ ಹಾಕಿ ನೋಡಿದರು. ವಯಸ್ಸಿನ ಗಡುವು ಶುರುವಾಗುವ ಮೊದಲ ತಿಂಗಳುಗಳಲ್ಲಿ ಹುಟ್ಟಿದವರೇ ಟೀಮುಗಳಲ್ಲಿ ತುಂಬಿದ್ದರು. ಪ್ರತಿಭೆಗೇನು ಜನವರಿ, ಡಿಸೆಂಬರು ಗೊತ್ತಿರುತ್ತದೆಯೇ? ಎಂಟು ಹತ್ತು ತಿಂಗಳು ದೊಡ್ಡವನಾದ ಹುಡುಗ ಮೈಯಲ್ಲಿ ದೊಡ್ಡವನು, ಅವನನ್ನು ಆರಿಸುತ್ತಾರೆ, ಆರಿಸಿದ ಮೇಲೆ ಅವನಿಗೇ ಹೆಚ್ಚು ಆಟ, ಹೆಚ್ಚು ಆಟದಿಂದ ಅವನೇ ನಿಜವಾಗಿಯೂ ಉತ್ತಮ ಆಟಗಾರನಾಗುತ್ತಾನೆ. ತಡವಾಗಿ ಬೆಳೆಯುವ ಸಣಕಲ ಹುಡುಗ ಬೆಂಚಿನಲ್ಲೇ ಬೇರು ಬಿಡುತ್ತಾನೆ.

ಹಾಗಾದರೆ ಅಪ್ಪ ಅಮ್ಮಂದಿರು ದಡ್ಡರೇ? ಖಂಡಿತ ಅಲ್ಲ. ಅವರ ಲೆಕ್ಕ ಬೇರೆ, ಆ ಲೆಕ್ಕದ ಹೆಸರು ಸರ್ಟಿಫಿಕೇಟು. ಟೀಮು ರಾಜ್ಯಮಟ್ಟಕ್ಕೆ ಹೋದರೆ ಮೂವತ್ತೂ ನಿಮಿಷ ಆಡಿದವನಿಗೂ, ಮೂವತ್ತೂ ನಿಮಿಷ ನೀರಿನ ಬಾಟಲಿ ಹಿಡಿದವನಿಗೂ ಕೊಡುವ ಕಾಗದ ಒಂದೇ. ಸಿಇಟಿಯಲ್ಲಿ ಕ್ರೀಡಾ ಕೋಟಾ ಇದೆ, ಕಾಲೇಜುಗಳಲ್ಲಿ ಕ್ರೀಡಾ ಸೀಟು ಇದೆ, ಕಾಗದಕ್ಕೆ ಬೆಲೆ ಇದೆ. ಊರ ಟೀಮಿನ ಹುಡುಗ ತಾಲೂಕು ಮಟ್ಟದಲ್ಲಿ ಎಷ್ಟೇ ಚೆನ್ನಾಗಿ ಆಡಿ ಸೋತರೂ ಕೈಗೆ ಬರುವುದು ಬಸ್ ಟಿಕೇಟು ಮಾತ್ರ :-) ಮಧ್ಯಮ ವರ್ಗದ ಮನೆಯವರು ಕಾಗದ ಆರಿಸಿಕೊಂಡರೆ ಬೈಯುವುದು ಹೇಗೆ? ಬೈಯಬೇಕಾದ್ದು ಆಡಿದವನನ್ನೂ ಕೂತವನನ್ನೂ ಒಂದೇ ತಕ್ಕಡಿಯಲ್ಲಿ ತೂಗುವ ವ್ಯವಸ್ಥೆಯನ್ನು.

ಆ ವ್ಯವಸ್ಥೆಯ ಇನ್ನೊಂದು ಕಾಲು ನಾಕೌಟ್. ಊರ ಟೀಮಿನಲ್ಲಿದ್ದರೆ ಆಡಲು ಸಿಗುತ್ತದೆ ಎಂದೆನಲ್ಲ, ಎಷ್ಟು ಸಿಗುತ್ತದೆ ಅದನ್ನೂ ನೋಡಿ. 16 ಟೀಮುಗಳ ನಾಕೌಟಿನಲ್ಲಿ ಒಟ್ಟು 15 ಮ್ಯಾಚು. ಎಂಟು ಟೀಮುಗಳು ಒಂದೇ ಮ್ಯಾಚು ಆಡಿ ಮನೆಗೆ. ಇನ್ನು ನಾಲ್ಕು ಎರಡನೆಯದರಲ್ಲಿ ಮನೆಗೆ. ಅಂದರೆ ಬಂದ ಮಕ್ಕಳಲ್ಲಿ ಅರ್ಧದಷ್ಟು ಮಂದಿಗೆ ಅಲ್ಲಿ ಸಿಗುವ ಸ್ಪರ್ಧೆಯ ಅವಧಿ ಅರ್ಧ ಗಂಟೆ! ಇದಕ್ಕಾಗಿ ಮಳೆಯಲ್ಲಿ ನೆನೆದು, ಕೆಸರಿನ ಮೈದಾನದಲ್ಲಿ ಬಿದ್ದು, ಮೊಣಕಾಲು ತರಚಿಕೊಂಡು ಬರಬೇಕು. ಶಾಲಾ ಕ್ರೀಡಾಕೂಟ ನಡೆಯುವುದು ನಮ್ಮ ಕರಾವಳಿಯಲ್ಲಿ ಮಳೆ ಇನ್ನೂ ಬಿಟ್ಟಿರದ ಆಗಸ್ಟ್, ಸೆಪ್ಟೆಂಬರಿನಲ್ಲಿ ತಾನೇ. ಅಲ್ಲಿಂದ ಮುಂದೆ ಜಿಲ್ಲೆ, ಬೆಳಗಾವಿ ವಿಭಾಗ, ರಾಜ್ಯ ಎಂದು ಏಣಿ ಹತ್ತುವುದು ಗೆದ್ದ ಟೀಮು ಮಾತ್ರ. ಹಾಗಾಗಿ ಹೆಚ್ಚು ಆಟ ಬೇಕೋ ಒಳ್ಳೆಯ ಟೀಮು ಬೇಕೋ ಎಂದು ನಾವು ಮಕ್ಕಳ ಮುಂದೆ ಇಡುವ ಆಯ್ಕೆಯಲ್ಲಿ ಅರ್ಧ ಸುಳ್ಳಿದೆ. ಒಂದು ಕಡೆ ವರ್ಷಕ್ಕೆ ಒಂದೋ ಎರಡೋ ಮ್ಯಾಚು, ಇನ್ನೊಂದು ಕಡೆ ಬೆಂಚು.

ಮಳೆ ಬಿಟ್ಟ ಮೇಲೆ ಊರೂರಲ್ಲಿ ನಡೆಯುವ ಹೊನಲು ಬೆಳಕಿನ ಪಂದ್ಯಾವಳಿಗಳ ಕಥೆ ಕೇಳಲೇಬೇಡಿ. ಊರ ಯುವಕ ಮಂಡಲದ ಹೆಸರು, ಆಡುವವರು ಎಲ್ಲೆಲ್ಲಿಂದಲೋ ಬಂದ 'ಅತಿಥಿ ಆಟಗಾರರು'. ಕಪ್ಪು ಊರಿಗೆ ಬರಬೇಕು, ಬ್ಯಾನರಿನಲ್ಲಿ ಫೋಟೋ ಬರಬೇಕು, ಅದಕ್ಕಾಗಿ ದುಡ್ಡು ಕೊಟ್ಟು ರೈಡರುಗಳನ್ನು ಕರೆಸುತ್ತಾರೆ. ಊರ ಹುಡುಗರು ಟ್ಯೂಬ್‌ಲೈಟು ಕಟ್ಟಿ, ಅಂಕಣಕ್ಕೆ ಮಣ್ಣು ಹೊತ್ತು, ರಸೀದಿ ಪುಸ್ತಕ ಹಿಡಿದು ಮನೆಮನೆ ತಿರುಗಿ, ಕೊನೆಗೆ ರಾತ್ರಿ ಎರಡು ಗಂಟೆಗೆ ಬೇರೆ ಊರಿನವರ ಆಟಕ್ಕೆ ಶಿಳ್ಳೆ ಹೊಡೆಯುತ್ತಾರೆ. ಇದಕ್ಕೆ 'ಗ್ರಾಮೀಣ ಕ್ರೀಡಾ ಪ್ರೋತ್ಸಾಹ' ಎಂದು ಉದ್ಘಾಟನಾ ಭಾಷಣ ಬೇರೆ!

ದೊಡ್ಡ ಮಟ್ಟದಲ್ಲಿ ಗೆಲ್ಲುವವರು ಹೀಗೆ ಮಾಡುತ್ತಾರೆಯೇ ನೋಡಿ. ನಮ್ಮವರೇ ಆದ ರಾಹುಲ್ ದ್ರಾವಿಡ್ ಭಾರತ 'ಎ' ಮತ್ತು 19ರೊಳಗಿನ ತಂಡಗಳ ಕೋಚ್ ಆಗಿದ್ದಾಗಿನ ಪದ್ಧತಿಯನ್ನು 2021ರಲ್ಲಿ ಒಂದು ಸಂದರ್ಶನದಲ್ಲಿ ಹೇಳಿದ್ದರು. 'ಎ' ಪ್ರವಾಸಕ್ಕೆ ಬಂದ ಯಾರೂ ಮ್ಯಾಚು ಆಡದೆ ವಾಪಸು ಹೋಗುವುದಿಲ್ಲ ಎಂದು ಮೊದಲೇ ಹುಡುಗರಿಗೆ ತಿಳಿಸುತ್ತಿದ್ದರಂತೆ. ಪ್ರವಾಸಕ್ಕೆ ಹೋಗಿ ಆಡದೆ ಬರುವುದು ಎಷ್ಟು ಕೆಟ್ಟದ್ದು ಎಂಬುದು ಅವರಿಗೆ ಸ್ವಂತ ಅನುಭವದಿಂದಲೇ ಗೊತ್ತಿತ್ತಂತೆ. ಹೀಗೆ ಹೇಳಿದವರ ತಂಡ 2018ರಲ್ಲಿ 19ರೊಳಗಿನವರ ವಿಶ್ವಕಪ್ ಗೆದ್ದಿತ್ತು ಎಂಬುದನ್ನು ಮರೆಯಬೇಡಿ. ಎಲ್ಲರನ್ನೂ ಆಡಿಸಿದರೆ ಸೋಲುತ್ತೇವೆ ಅನ್ನುವವರಿಗೆ ಇದಕ್ಕಿಂತ ಉತ್ತರ ಬೇಕೇ?

ಹೊರಗಿನ ಮಾತು ಬೇಕೆಂದರೆ, ಇಂಗ್ಲೆಂಡಿನ ಹ್ಯಾರಿ ಕೇನ್. ಟಾಟನ್‌ಹ್ಯಾಮ್ ಎಂಬ ದೊಡ್ಡ ಕ್ಲಬ್ಬು 2011ರಲ್ಲಿ ಅವನನ್ನು ಬೆಂಚಿನಲ್ಲಿ ಕೂರಿಸಿಕೊಳ್ಳದೆ ಲೇಟನ್ ಓರಿಯಂಟ್ ಎಂಬ ಸಣ್ಣ ಕ್ಲಬ್ಬಿಗೆ ಕಡ ಕೊಟ್ಟಿತು, ಮುಂದಿನ ವರ್ಷ ಮಿಲ್ವಾಲ್‌ಗೆ. ಆಡಿಕೊಂಡು ಬಂದ. 2018ರ ವಿಶ್ವಕಪ್ಪಿನಲ್ಲಿ ಅತಿ ಹೆಚ್ಚು ಗೋಲು ಅವನದೇ. ಅಮೆರಿಕದಲ್ಲಿ ಮಕ್ಕಳ ಬೇಸ್‌ಬಾಲ್, ಸಾಫ್ಟ್‌ಬಾಲ್ ನಡೆಸುವ ಲಿಟಲ್ ಲೀಗ್‌ನಲ್ಲಂತೂ ಇದು ಲಿಖಿತ ನಿಯಮ. ತಂಡದಲ್ಲಿ ಹೆಸರಿರುವ ಪ್ರತಿ ಮಗುವೂ ಒಮ್ಮೆಯಾದರೂ ಬ್ಯಾಟು ಹಿಡಿಯಲೇಬೇಕು, ಎದುರಾಳಿಯ ಸತತ ಆರು ಮಂದಿ ಔಟಾಗುವವರೆಗಾದರೂ ಫೀಲ್ಡಿಂಗ್ ಮಾಡಲೇಬೇಕು. ಮಗುವನ್ನು ಆಡಿಸುವುದು ಕೋಚ್ ಸಾಹೇಬರ ಕೃಪೆಯಲ್ಲ, ಮಗುವಿನ ಹಕ್ಕು.

ಕಬಡ್ಡಿಯಲ್ಲಿ ಇದು ಆಗುವುದಿಲ್ಲವೇ? ಬೆರಳು ಮಡಚಿ ಎಣಿಸಿ. 7 ಜಾಗ, 2 ಅವಧಿ, ಒಟ್ಟು 14. ಹುಡುಗರು 12. ಮೊದಲ ಅವಧಿಗೆ ಏಳು ಜನ, ಎರಡನೆಯದಕ್ಕೆ ಐದು ಜನರನ್ನು ಬದಲಿಸಿ. ಐದು ಬದಲಿಗೆ ಆಟದ ನಿಯಮದಲ್ಲೇ ಅವಕಾಶ ಇದೆ. ಹನ್ನೆರಡೂ ಹುಡುಗರು 15 ನಿಮಿಷ ಆಡಿದ ಹಾಗಾಯಿತು, ಅತ್ಯುತ್ತಮ ಇಬ್ಬರು ಪೂರ್ತಿ ಆಡಿದ ಹಾಗೂ ಆಯಿತು. ವಾಲಿಬಾಲಿನಲ್ಲಿ ಇನ್ನೂ ಸುಲಭ, ಒಂದು ಸೆಟ್ಟಿಗೆ ಆರು, ಇನ್ನೊಂದಕ್ಕೆ ಉಳಿದ ಆರು. ರಾಜ್ಯಮಟ್ಟದಲ್ಲಿ ಬೇಡ ಸ್ವಾಮಿ, ತಾಲೂಕು ಮಟ್ಟದಲ್ಲಾದರೂ ಮಾಡಬಹುದಲ್ಲ?

ಮಾಡಬೇಕಾದ್ದು ಇನ್ನೊಂದಿದೆ. ಕುಮಟಾದಿಂದ ಹೊನ್ನಾವರದ ಮೇಲೆ ಭಟ್ಕಳಕ್ಕೆ ಒಂದೇ ಹೈವೇ, ಸುಮಾರು 60 ಕಿ.ಮೀ. ಕೊಂಕಣ ರೈಲೂ ಇದೆ. ಡಿಸೆಂಬರಿನಿಂದ ಫೆಬ್ರವರಿ ತನಕ ಮಳೆ ಇಲ್ಲ, ಶನಿವಾರ ಮಧ್ಯಾಹ್ನ ಶಾಲೆಯೂ ಇಲ್ಲ. 16 ಶಾಲೆಗಳನ್ನು ನಾಲ್ಕು ನಾಲ್ಕರ ಗುಂಪು ಮಾಡಿ ಲೀಗ್ ಆಡಿಸಿದರೆ 24 ಮ್ಯಾಚು, ಎಷ್ಟೇ ಕೆಟ್ಟ ಟೀಮಿಗೂ ಮೂರು ಗ್ಯಾರಂಟಿ. ಒಂದು ಹೊನಲು ಬೆಳಕಿನ ಪಂದ್ಯಾವಳಿಯ ಅತಿಥಿ ಆಟಗಾರರ ದುಡ್ಡಿನಲ್ಲಿ ಮಕ್ಕಳ ಬಸ್ ಚಾರ್ಜು, ಅವಲಕ್ಕಿ ಚಾ ಎಲ್ಲ ಮುಗಿದೀತು. ಎಷ್ಟೋ ಶಾಲೆಗಳಲ್ಲಿ ಪಿ.ಟಿ. ಮಾಸ್ತರೇ ಇಲ್ಲ ನಿಜ, ಆದರೆ ಶಿಳ್ಳೆ ಊದುವುದಕ್ಕೆ ಊರಲ್ಲಿ ಹಳೇ ಆಟಗಾರರಿಗೆ ಬರವೇ?

ದೊಡ್ಡ ಟೀಮು ಬೇಡವೇ ಬೇಡ ಎನ್ನುತ್ತಿಲ್ಲ. ಮೂಡುಬಿದಿರೆ, ಉಜಿರೆಯ ಕಾಲೇಜುಗಳು, ಸರ್ಕಾರದ ಕ್ರೀಡಾ ಹಾಸ್ಟೆಲುಗಳು ಹಳ್ಳಿಯ ಎಷ್ಟೋ ಮಕ್ಕಳಿಗೆ ಊಟ, ವಸತಿ, ತರಬೇತಿ ಕೊಟ್ಟು ಮೇಲೆತ್ತಿವೆ. ಹದಿನಾರು ತುಂಬಿ, ಮೈ ಬೆಳೆದು, ನೂರಾರು ಮ್ಯಾಚು ಆಡಿದ ಹುಡುಗ ಅಲ್ಲಿಗೆ ಹೋಗಲಿ, ಹೋಗಲೇಬೇಕು. ಆಗ ಆರು ತಿಂಗಳು ಬೆಂಚು ಕಾದರೂ ತಡೆದುಕೊಳ್ಳುವ ಗಟ್ಟಿತನ ಇರುತ್ತದೆ. ಅಲ್ಲಿಯ ತನಕ ಒಳ್ಳೆಯ ತರಬೇತಿ ಬೇಕಿದ್ದರೆ ಹೋಗಿ ಬನ್ನಿ, ಮನೆ ಬಿಡಬೇಕಾಗಿಲ್ಲ. ಗದಗಿನ ಸುನಿಲ್ ಜೋಶಿ ಶಾಲೆಯ ದಿನಗಳಲ್ಲಿ ಬೆಳಗಿನ ಜಾವ ಹುಬ್ಬಳ್ಳಿಗೆ ಹೋಗಿ ಪ್ರಾಕ್ಟೀಸು ಮಾಡಿ ಶಾಲೆಯ ಹೊತ್ತಿಗೆ ವಾಪಸು ಬರುತ್ತಿದ್ದರು. ಹೆಚ್ಚು ಕಡಿಮೆ ಕುಮಟಾ-ಭಟ್ಕಳದಷ್ಟೇ ದೂರ. 1999ರಲ್ಲಿ ನೈರೋಬಿಯಲ್ಲಿ ದಕ್ಷಿಣ ಆಫ್ರಿಕಾದ ಎದುರು 10 ಓವರಿನಲ್ಲಿ 6 ರನ್ನಿಗೆ 5 ವಿಕೆಟ್ ತೆಗೆದವರು ಅವರೇ.

ಆದ್ದರಿಂದ ಮುಂದಿನ ಮೇ ತಿಂಗಳಲ್ಲಿ ಯಾರಾದರೂ ನಿಮ್ಮನ್ನು ಕೇಳಿದರೆ ಟೀಮಿನ ಹೆಸರು, ಶೋಕೇಸಿನ ಕಪ್ಪು ನೋಡಿ ಉತ್ತರ ಕೊಡಬೇಡಿ. ಆ ಶಾಲೆಯ ಮಾಸ್ತರಿಗೆ ಮೂರು ಪ್ರಶ್ನೆ ಕೇಳುವುದಕ್ಕೆ ಹೇಳಿ. ಕಳೆದ ವರ್ಷ ಎಷ್ಟು ಮ್ಯಾಚು ಆಡಿದಿರಿ? ಹನ್ನೆರಡನೆಯ ಹುಡುಗ ಎಷ್ಟು ನಿಮಿಷ ಆಡಿದ? ಕಳೆದ ವರ್ಷದ ಎಕ್ಸ್‌ಟ್ರಾ ಹುಡುಗರಲ್ಲಿ ಈ ವರ್ಷ ಎಷ್ಟು ಜನ ಇನ್ನೂ ಆಡುತ್ತಿದ್ದಾರೆ? ಮೂರಕ್ಕೂ ತಡವರಿಸದೆ ಉತ್ತರ ಬಂದರೆ ಕಣ್ಣುಮುಚ್ಚಿ ಸೇರಿಸಿ. ಮೂರನೆಯದಕ್ಕೆ ಮಾಸ್ತರು ಮಾತು ಬದಲಿಸಿದರೆ ಮಗನನ್ನು ಕರೆದುಕೊಂಡು ಮನೆಗೆ ಬನ್ನಿ, ಊರ ಟೀಮಿನಲ್ಲಿ ಸೋತರೂ ಆಡಲಿ.

ಇಷ್ಟು ಓದಿ ಸಿಟ್ಟು ಬಂದಿದ್ದರೆ ಕೆಳಗೆ ಧಾರಾಳವಾಗಿ ಬೈಯಿರಿ. ಆದರೆ ಬೈಯುವ ಮೊದಲು, ಗೆದ್ದು ಬಂದ ನಿಮ್ಮೂರ ಟೀಮಿನ ಎಂಟನೆಯ ಹುಡುಗನ ಹೆಸರು ಹೇಳಿ ನೋಡೋಣ.