ಹೊಂದಿಕೊಳ್ಳಬೇಕಾದವರು ಯಾರು?

"ಹೊಂದಿಕೊಂಡು ಹೋಗು" ಎಂಬ ಮಾತು ಕೇಳಿದರೆ ನನಗೆ ಮೈಯುರಿಯುತ್ತದೆ. ಹೊಸ ಅಗ್ರಹಾರದಲ್ಲಿ ನನ್ನ ಕೈಲಿ ಕಲಿತ ಹುಡುಗಿಯೊಬ್ಬಳು ಜಿಎನ್‌ಎಂ ಮುಗಿಸಿ ಮೈಸೂರಿನ ಖಾಸಗಿ ಆಸ್ಪತ್ರೆಯೊಂದಕ್ಕೆ ಸೇರಿದಳು. ಕಲಿಯುವಾಗ ತಪ್ಪಿದರೆ ತಿದ್ದಲು ಟ್ಯೂಟರ್ ಪಕ್ಕದಲ್ಲೇ ಇರುತ್ತಿದ್ದರು. ಕೆಲಸಕ್ಕೆ ಸೇರಿದ ಎರಡನೇ ವಾರವೇ ರಾತ್ರಿ ಪಾಳಿ, 22 ರೋಗಿಗಳು, ಇವಳೊಬ್ಬಳೇ. "ಮಿಸ್, ಡ್ರಿಪ್ ಮುಗೀತೇನೋ ಅಂತ ನಿದ್ದೆಯಲ್ಲೂ ಎದ್ದು ಕೂರ್ತೀನಿ" ಎಂದಳು. ಬಿಟ್ಟು ಬರೋಣವೆಂದರೆ ಮೂಲ ಅಂಕಪಟ್ಟಿಗಳು ಆಸ್ಪತ್ರೆಯ ಬೀರುವಿನಲ್ಲಿವೆ.

ಇದಕ್ಕೆ ಅವಳಿಗೆ ಸಿಕ್ಕ ಮದ್ದು? ಪ್ರಾಣಾಯಾಮ ಮಾಡು, ಹೊಂದಿಕೊ. ಹೆತ್ತ ತಾಯಿಯೂ ಅದನ್ನೇ ಹೇಳಿದರು, ಗಂಡನ ಮನೆಗೆ ಕಳಿಸುವಾಗ ಹೇಳುವಂತೆ!

ಈ ದಣಿವು ಹುಡುಗಿಯ ಕೈಲಾಗದತನವಲ್ಲ. ಕೆಲಸದ ಜಾಗದ ಒತ್ತಡವನ್ನು ಸರಿಪಡಿಸದೆ ಬಿಟ್ಟಾಗ ಬರುವ ಬಳಲಿಕೆ ಇದೆಂದು ವಿಶ್ವ ಆರೋಗ್ಯ ಸಂಸ್ಥೆಯೇ 2019ರಲ್ಲಿ ಗುರುತಿಸಿತು. ಭಾರತೀಯ ನರ್ಸಿಂಗ್ ಪರಿಷತ್ತಿನ ಲೆಕ್ಕದಲ್ಲಿ ಸಾಮಾನ್ಯ ಆಸ್ಪತ್ರೆಯ 5 ರೋಗಿಗಳಿಗೆ ಒಬ್ಬ ನರ್ಸ್ ಇರಬೇಕು. ಸುಪ್ರೀಂ ಕೋರ್ಟ್ ಹೇಳಿದ ಮೇಲೆ 2016ರಲ್ಲಿ ಕೇಂದ್ರ ಸರ್ಕಾರ ನೇಮಿಸಿದ ಸಮಿತಿ, 50ಕ್ಕಿಂತ ಕಡಿಮೆ ಹಾಸಿಗೆಯ ಖಾಸಗಿ ಆಸ್ಪತ್ರೆಯಲ್ಲೂ ತಿಂಗಳಿಗೆ 20,000 ರೂಪಾಯಿಗಿಂತ ಕಡಿಮೆ ಕೊಡಬಾರದೆಂದಿತು. ಇವಳ ಕೈಗೆ ಬರುವುದು 11,000. ಸಮಿತಿಯ ಶಿಫಾರಸು ತಾನೆ, ಕಡತದಲ್ಲಿ ಸುಖವಾಗಿ ಮಲಗಿರಬಹುದು. ಅದಕ್ಕೆ ರಾತ್ರಿ ಪಾಳಿ ಇಲ್ಲವಲ್ಲ.

ಹೊಸಬರಿಗೆ ಮೊದಲ ಮೂರು ತಿಂಗಳಾದರೂ ಹಿರಿಯ ನರ್ಸೊಬ್ಬರ ಜೊತೆಯಲ್ಲೇ ಪಾಳಿ ಹಾಕಲಿ. ಅಂಕಪಟ್ಟಿ ವಾಪಸು ಕೊಡಲಿ. ನಾವೂ ಅಷ್ಟೆ: ಅತ್ತೆಯನ್ನೋ ಅಮ್ಮನನ್ನೋ ಸೇರಿಸುವಾಗ ರೂಮಿನ ಬಾಡಿಗೆ ವಿಚಾರಿಸುತ್ತೇವೆ, ಬಿಸಿನೀರು ವಿಚಾರಿಸುತ್ತೇವೆ. ರಾತ್ರಿ ಈ ವಾರ್ಡಿಗೆ ಎಷ್ಟು ಜನ ನರ್ಸ್ ಎಂದು ಕೇಳಿದ್ದೇವೆಯೇ? ಮುಂಗಡ ಕಟ್ಟುವ ಮೊದಲೇ ಕೇಳಿ.