ಸಿಂಬಲ್ ಎಸೆದರೆ ‘ಬರ್ಡ್’ ಹುಟ್ಟಲ್ಲ

ಹೋದ ತಿಂಗಳು ನಮ್ಮ ಟೀಮ್ ಮೀಟಿಂಗಿನಲ್ಲಿ ಮ್ಯಾನೇಜರ್ ಸಾಹೇಬರು ಒಂದು ಸಿನಿಮಾ ಕ್ಲಿಪ್ ಹಾಕಿದರು. 2014ರ ‘ವಿಪ್‌ಲ್ಯಾಶ್’. ನೀವೂ ನೋಡಿರ್ತೀರಿ, ನೋಡಿಲ್ಲದಿದ್ದರೆ ಯಾರೋ ಒಬ್ಬರು ವಾಟ್ಸಾಪಲ್ಲಿ ಕಳಿಸೇ ಇರ್ತಾರೆ. ಕಪ್ಪು ಟೀ ಶರ್ಟಿನ ಬೋಳುತಲೆಯ ಮೇಷ್ಟ್ರು ಶಿಷ್ಯನಿಗೆ ಕಥೆ ಹೇಳ್ತಾನೆ. ಚಾರ್ಲಿ ಪಾರ್ಕರ್ ಅನ್ನೋ ಹುಡುಗ ಸ್ಯಾಕ್ಸೊಫೋನ್ ನುಡಿಸುವಾಗ ತಪ್ಪಿದನಂತೆ. ಡ್ರಮ್ಮರ್ ಜೋ ಜೋನ್ಸ್ ಅವನ ತಲೆಗೇ ಸಿಂಬಲ್ ಬೀಸಿದನಂತೆ. ಹುಡುಗ ಅತ್ತ, ಹಗಲು ರಾತ್ರಿ ಅಭ್ಯಾಸ ಮಾಡಿದ, ‘ಬರ್ಡ್’ ಆದ. ಆವತ್ತು ಯಾರಾದ್ರೂ ‘ಇರ್ಲಿ ಬಿಡಪ್ಪಾ’ ಅಂದುಬಿಟ್ಟಿದ್ದರೆ ಬರ್ಡೇ ಇರ್ತಿರಲಿಲ್ಲವಂತೆ.

ಈ ಕ್ಲಿಪ್ಪಿಗೆ ಹತ್ತು ನಿಮಿಷ ಮೊದಲು ಏನಾಗಿತ್ತು ಅಂದ್ರೆ, ಕೆಲಸಕ್ಕೆ ಸೇರಿ ನಾಲ್ಕು ತಿಂಗಳಾಗಿದ್ದ ಹುಡುಗಿಯೊಬ್ಬಳ ಕೋಡನ್ನು ಪರದೆ ಮೇಲೆ ಹಾಕಿ, ಹದಿನೈದು ಜನರ ಮುಂದೆ, ‘ಇದನ್ನ ಎಂಟನೇ ಕ್ಲಾಸಿನ ನನ್ನ ಮಗ ಇದಕ್ಕಿಂತ ಚೆನ್ನಾಗಿ ಬರೀತಾನೆ’ ಅಂದಿದ್ದರು. ಆಮೇಲೆ ಚಾರ್ಲಿ ಪಾರ್ಕರ್. ಅಂದರೆ, ಬೈದದ್ದಲ್ಲಮ್ಮ, ಸಿಂಬಲ್ ಎಸೆದದ್ದು. ನಿನ್ನ ಒಳ್ಳೇದಕ್ಕೇ.

ನಾನು ಸುಮ್ಮನೆ ಕೂತಿದ್ದೆ. ಈ ಬರಹ ಆ ಸುಮ್ಮನಿದ್ದುದರ ಪ್ರಾಯಶ್ಚಿತ್ತ ಅಂದುಕೊಳ್ಳಿ.

ಮೊದಲು ಆ ಕಥೆಯನ್ನೇ ನೋಡೋಣ. 1936, ಕ್ಯಾನ್ಸಸ್ ಸಿಟಿಯ ರೆನೋ ಕ್ಲಬ್. ಪಾರ್ಕರ್‌ಗೆ ಇನ್ನೂ ಹದಿನಾರರ ಆಸುಪಾಸು. ಜ್ಯಾಮ್ ಸೆಷನ್ನಿನಲ್ಲಿ ಲಯ ತಪ್ಪಿದ. ಅಲ್ಲೇ ಇದ್ದ ಬಾಸ್ ವಾದಕ ಜೀನ್ ರೇಮಿ ಮುಂದೆ ಹೇಳಿದ ಪ್ರಕಾರ, ಜೋನ್ಸ್ ಮೊದಲು ಸಿಂಬಲ್ ಬಾರಿಸಿ ‘ಸಾಕು ಇಳಿ’ ಅನ್ನೋ ಸೂಚನೆ ಕೊಟ್ಟ. ಹುಡುಗ ಕೇಳಲಿಲ್ಲ. ಆಮೇಲೆ ಸಿಂಬಲ್ ಕಳಚಿ ನೆಲಕ್ಕೆ ಎಸೆದ. ಅದು ಹುಡುಗನ ಕಾಲ ಹತ್ತಿರ ಬಿತ್ತು. ಜನ ನಕ್ಕರು. ಅಷ್ಟೇ. ಅವಮಾನ ಹೌದು. ತಲೆ ಹಾರಿಸೋ ಕಥೆ ಸಿನಿಮಾದ್ದು.

ಆದರೆ ನನ್ನ ತಕರಾರು ತಲೆಯೋ ಕಾಲೋ ಅನ್ನೋದರ ಬಗ್ಗೆ ಅಲ್ಲ. ಸಿಂಬಲ್ ಬಿದ್ದ ಮೇಲೆ ಏನಾಯ್ತು ಅನ್ನೋದನ್ನ ಸಿನಿಮಾದ ಮೇಷ್ಟ್ರು ಒಂದೇ ಉಸಿರಲ್ಲಿ ಮುಗಿಸಿಬಿಡ್ತಾನಲ್ಲ, ಅದರ ಬಗ್ಗೆ. ಪಾರ್ಕರ್ ಒಂಟಿ ಕೋಣೆಯಲ್ಲಿ ಹಲ್ಲುಕಚ್ಚಿ ಸೇಡು ತೀರಿಸಿಕೊಂಡವನಲ್ಲ. ಮರುವರ್ಷ ಬೇಸಿಗೆಯಲ್ಲಿ ಓಝಾರ್ಕ್ ಬೆಟ್ಟಗಳ ಕಡೆಯ ರೆಸಾರ್ಟೊಂದರಲ್ಲಿ ಬ್ಯಾಂಡ್ ಜೊತೆ ಕೆಲಸಕ್ಕೆ ಹೋದ. ಲೆಸ್ಟರ್ ಯಂಗ್ ನುಡಿಸಿದ ರೆಕಾರ್ಡುಗಳನ್ನ ಜೊತೆಗೆ ಒಯ್ದು, ಒಂದೊಂದು ಸೋಲೋವನ್ನೂ ಸ್ವರ ಬಿಡದೆ ಕಲಿತ. ಬ್ಯಾಂಡಿನ ಹಿರಿಯರ ಹತ್ತಿರ ಹಾರ್ಮನಿ ಹೇಳಿಸಿಕೊಂಡ. ವಾಪಸ್ ಬಂದ ಮೇಲೆ ಬಸ್ಟರ್ ಸ್ಮಿತ್ ಅನ್ನೋ ಆಲ್ಟೊ ಸ್ಯಾಕ್ಸ್ ವಾದಕ ಅವನನ್ನ ತನ್ನ ಬ್ಯಾಂಡಿಗೆ ಸೇರಿಸಿಕೊಂಡು, ಪಕ್ಕದಲ್ಲಿ ನಿಲ್ಲಿಸಿಕೊಂಡು, ತನ್ನ ಸೋಲೋಗಳಲ್ಲಿ ಪಾಲು ಕೊಟ್ಟ. ಹುಡುಗ ಎರಡು ಸುತ್ತು ನುಡಿಸಿದರೆ ತಾನು ಎರಡು ಸುತ್ತು.

ಸ್ವಾಮಿ, ಇದಕ್ಕೆ ನಮ್ಮ ಭಾಷೆಯಲ್ಲಿ ಒಂದು ಪದ ಇದೆ. ಗುರು. ಸಿಂಬಲ್ ಎಸೆದವನ ಹೆಸರು ಬೆಂಗಳೂರಿನ ಮೀಟಿಂಗ್ ರೂಮಿಗೂ ಬಂತು. ಪಾಲು ಕೊಟ್ಟವನ ಹೆಸರು ಆ ಕೋಣೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ.

ತಪ್ಪು ಮ್ಯಾನೇಜರದ್ದು ಮಾತ್ರ ಅಲ್ಲ. ಸಿನಿಮಾ ಮೊದಲಿನಿಂದಲೂ ಸ್ಯಾಕ್ಸೊಫೋನಿಗೆ ಮಾಡಿದ್ದೇ ಇದು. ರಾತ್ರಿ, ಮಳೆ, ನಿಯಾನ್ ದೀಪ, ಒಂಟಿ ಗಂಡಸು ಇದ್ದರೆ ಒಂದು ಸ್ಯಾಕ್ಸ್ ಇರಲೇಬೇಕು. 1976ರ ‘ಟ್ಯಾಕ್ಸಿ ಡ್ರೈವರ್’ಗೆ ಬರ್ನಾರ್ಡ್ ಹರ್ಮನ್ ಬರೆದ ಸಂಗೀತ, 1982ರ ‘ಬ್ಲೇಡ್ ರನ್ನರ್’ನ ಪ್ರೇಮದ ದೃಶ್ಯಕ್ಕೆ ಡಿಕ್ ಮಾರಿಸ್ಸಿ ನುಡಿಸಿದ ಸ್ಯಾಕ್ಸ್: ಎರಡೂ ನನಗೂ ಪ್ರಾಣ. ರಾತ್ರಿ ಕ್ಯಾಬಲ್ಲಿ ಔಟರ್ ರಿಂಗ್ ರೋಡಲ್ಲಿ ಬರುವಾಗ ಕೇಳಿ ನಾನೂ ನ್ಯೂಯಾರ್ಕಿನವನ ಥರ ಕಿಟಕಿ ಆಚೆ ನೋಡಿದ್ದೀನಿ. ಆದರೆ ಡೇವಿಡ್ ಲಿಂಚ್‌ನ ‘ಲಾಸ್ಟ್ ಹೈವೇ’ ಹೊತ್ತಿಗೆ (1997) ನಾಯಕ ಸ್ಯಾಕ್ಸ್ ವಾದಕ ಅಂದರೇ ಸಾಕು, ಇವನ ತಲೆ ಕೆಟ್ಟಿದೆ ಅಂತ ಪ್ರೇಕ್ಷಕನಿಗೆ ಅರ್ಥವಾಗಿಬಿಡ್ತದೆ. ವಾದ್ಯ ಹೋಗಿ ರೋಗಲಕ್ಷಣ ಆಯ್ತು.

ಇದರ ದೊಡ್ಡ ಉದಾಹರಣೆ ಕ್ಲಿಂಟ್ ಈಸ್ಟ್‌ವುಡ್‌ನ ‘ಬರ್ಡ್’ (1988), ಪಾರ್ಕರ್‌ನ ಜೀವನಚಿತ್ರ. ಫಾರೆಸ್ಟ್ ವಿಟೇಕರ್‌ಗೆ ಕಾನ್‌ನಲ್ಲಿ ಅತ್ಯುತ್ತಮ ನಟ ಪ್ರಶಸ್ತಿ, ಧ್ವನಿಗೆ ಆಸ್ಕರ್. ಪ್ರೀತಿಯಿಂದಲೇ ಮಾಡಿದ ಸಿನಿಮಾ. ಅದರಲ್ಲೂ ಆ ಸಿಂಬಲ್ ಗಾಳಿಯಲ್ಲಿ ತಿರುಗುತ್ತಾ ಮತ್ತೆ ಮತ್ತೆ ಬರುತ್ತದೆ. ಸಂಗೀತಕ್ಕೆ ಅವರು ಮಾಡಿದ ಕೆಲಸ ಕೇಳಿ: ಹಳೆಯ ರೆಕಾರ್ಡಿಂಗುಗಳಿಂದ ಪಾರ್ಕರ್‌ನ ಸ್ಯಾಕ್ಸ್ ಒಂದನ್ನೇ ಬೇರ್ಪಡಿಸಿ ತೆಗೆದು, ಅವನ ಜೊತೆ ನುಡಿಸಿದವರನ್ನ ಅಳಿಸಿ, ಹೊಸ ಕಲಾವಿದರಿಂದ ಹಿಮ್ಮೇಳ ನುಡಿಸಿ ಸೇರಿಸಿದರು. ಇಂಜಿನಿಯರ್ ಆಗಿ ನಾನು ಆ ತಂತ್ರಕ್ಕೆ ಕೈಮುಗೀತೀನಿ. ಕೇಳುಗನಾಗಿ ಒಪ್ಪಲಾರೆ. ಜ್ಯಾಝ್ ಅಂದ್ರೆ ಮಾತುಕತೆ. ಹೊಸ ಡ್ರಮ್ಮರ್‌ಗೆ ಪಾರ್ಕರ್ ಕೇಳಿಸ್ತಾನೆ. ಪಾರ್ಕರ್‌ಗೆ ಹೊಸ ಡ್ರಮ್ಮರ್ ಕೇಳಿಸಲ್ಲ. ಸತ್ತವನ ಜೊತೆ ಬದುಕಿರುವವರು ಫೋನಲ್ಲಿ ಮಾತಾಡಿದ ಹಾಗೆ. 1945ರ ‘ಕೋ-ಕೋ’ ರೆಕಾರ್ಡಿಂಗ್ ಕೇಳಿ, ಹಿಂದೆ ಮ್ಯಾಕ್ಸ್ ರೋಚ್ ಡ್ರಮ್ಸಿನಲ್ಲಿ ಏನು ಮಾಡ್ತಿದ್ದಾನೆ ಗಮನಿಸಿ. ಆ ವೇಗದಲ್ಲಿ ಒಬ್ಬನೇ ಹಾರಕ್ಕಾಗಲ್ಲ. ಆದರೆ ‘ಏಕಾಂಗಿ ಪ್ರತಿಭೆ’ ಅನ್ನೋ ಕಥೆಗೆ ತಂಡ ಬೇಕಾಗಿಲ್ಲ, ನೋವು ಮಾತ್ರ ಸಾಕು.

ಆ ನೋವಿನ ಲೆಕ್ಕವನ್ನೂ ನೋಡಿಬಿಡಿ. ಪಾರ್ಕರ್ 1955ರ ಮಾರ್ಚ್ 12ರಂದು ಸತ್ತಾಗ 34 ವರ್ಷ. ದೇಹ ನೋಡಿದ ವೈದ್ಯರಿಗೆ ಐವತ್ತು ದಾಟಿದವನ ಹಾಗೆ ಕಂಡಿದ್ದ. ಹೆರಾಯಿನ್, ಕುಡಿತ. ಅವನ ಹಾಗೆ ನುಡಿಸಬೇಕು ಅಂತ ಅವನ ಹಾಗೆ ಸೂಜಿ ಚುಚ್ಚಿಕೊಂಡ ಹುಡುಗರು ಎಷ್ಟೋ. ಅವರಲ್ಲೊಬ್ಬ ಸನ್ನಿ ರಾಲಿನ್ಸ್. 1953ರಲ್ಲಿ ಮೈಲ್ಸ್ ಡೇವಿಸ್ ಜೊತೆಗಿನ ಒಂದು ರೆಕಾರ್ಡಿಂಗಿನಲ್ಲಿ ‘ನಾನೀಗ ಬಿಟ್ಟಿದ್ದೀನಿ’ ಅಂತ ಪಾರ್ಕರ್‌ಗೆ ಸುಳ್ಳು ಹೇಳಿದ. ನಿಜ ಗೊತ್ತಾದಾಗ ಪಾರ್ಕರ್ ಮುಖ ಬಾಡಿದ್ದನ್ನ ನೋಡಿ ರಾಲಿನ್ಸ್‌ಗೆ ನಾಚಿಕೆಯಾಯ್ತು. ಕೆಂಟಕಿಯ ಲೆಕ್ಸಿಂಗ್ಟನ್ ಆಸ್ಪತ್ರೆಗೆ ತಾನೇ ಹೋಗಿ ಸೇರಿದ. ಗುಣವಾಗಿ ಬಂದು ಪಾರ್ಕರ್‌ಗೆ ಹೇಳಬೇಕು ಅಂದುಕೊಂಡಿದ್ದ. ಅವನು ಅಲ್ಲಿರುವಾಗಲೇ ಪಾರ್ಕರ್ ಹೋಗಿಬಿಟ್ಟ.

ಈ ಕಥೆಯಲ್ಲಿ ಯಾರೂ ಯಾರಿಗೂ ಏನನ್ನೂ ಎಸೆಯಲಿಲ್ಲ. ಒಬ್ಬ ಬೇಸರಪಟ್ಟ, ಇನ್ನೊಬ್ಬ ಬದಲಾದ. ಆಮೇಲೆ 1959ರಲ್ಲಿ, ಹೆಸರು ಉತ್ತುಂಗದಲ್ಲಿದ್ದಾಗ, ಇದೇ ರಾಲಿನ್ಸ್ ವೇದಿಕೆ ಬಿಟ್ಟು ಎರಡು ವರ್ಷ ನ್ಯೂಯಾರ್ಕಿನ ವಿಲಿಯಮ್ಸ್‌ಬರ್ಗ್ ಸೇತುವೆ ಮೇಲೆ ನಿಂತು ಅಭ್ಯಾಸ ಮಾಡಿದ. ಯಾರೂ ಬೈದಿರಲಿಲ್ಲ, ತನಗೇ ಸಾಲದು ಅನಿಸಿತ್ತು. ಮರಳಿದ ಮೇಲೆ 1962ರಲ್ಲಿ ಬಂದದ್ದು ‘ದಿ ಬ್ರಿಡ್ಜ್’. ಎಂಬತ್ತು ದಾಟಿದ ಮೇಲೂ ನುಡಿಸಿದ. ಈ ಬದುಕಿನ ಕ್ಲಿಪ್ ಯಾವ ಮ್ಯಾನೇಜರೂ ಹಾಕಲ್ಲ. ಎರಡು ವರ್ಷ ರಜೆ ಅಂದ್ರೆ ಎಚ್‌ಆರ್‌ಗೆ ಎದೆ ಒಡೆದು ಹೋಗ್ತದೆ.

ಸಿನಿಮಾದಲ್ಲೂ ಸರಿ ಮಾಡಿದವರಿದ್ದಾರೆ. ಬರ್ಟ್ರಾಂಡ್ ತಾವರ್ನಿಯೆ 1986ರ ‘ರೌಂಡ್ ಮಿಡ್‌ನೈಟ್’ನಲ್ಲಿ ನಟನ ಕೈಗೆ ಸ್ಯಾಕ್ಸ್ ಕೊಡಲಿಲ್ಲ, ಸ್ಯಾಕ್ಸ್ ವಾದಕ ಡೆಕ್ಸ್‌ಟರ್ ಗಾರ್ಡನ್‌ನನ್ನೇ ಕ್ಯಾಮೆರಾ ಮುಂದೆ ತಂದ. ಸಂಗೀತ ಸೆಟ್ಟಿನಲ್ಲೇ ನುಡಿಸಿ ರೆಕಾರ್ಡ್ ಮಾಡಿದರು. ಅಲ್ಲೂ ನಾಯಕ ಕುಡುಕನೇ. ಆದರೆ ಜೊತೆಯವರು ಅವನ ಮುಖ ನೋಡಿಕೊಂಡು ನುಡಿಸೋದು ಕಾಣುತ್ತದೆ, ಅವನನ್ನ ಊಟಕ್ಕೆ ಕೂರಿಸಿ ನೋಡಿಕೊಳ್ಳುವ ಅಭಿಮಾನಿಯೂ ಕಾಣ್ತಾನೆ. ಆ ನಟನೆಗೆ ಗಾರ್ಡನ್‌ಗೆ ಆಸ್ಕರ್ ನಾಮನಿರ್ದೇಶನ ಸಿಕ್ತು.

ಈಗ ನೀವು ಕೇಳಬಹುದು, ‘ಹಾಗಾದ್ರೆ ಕಷ್ಟಪಡೋದೇ ಬೇಡ್ವಾ?’ ಬೇಕು ಕಣ್ರೀ. ಮೂರು ನಾಲ್ಕು ವರ್ಷ ದಿನಕ್ಕೆ ಹನ್ನೊಂದರಿಂದ ಹದಿನೈದು ಗಂಟೆ ಅಭ್ಯಾಸ ಮಾಡಿದೆ ಅಂತ ಪಾರ್ಕರ್ರೇ 1954ರ ಸಂದರ್ಶನದಲ್ಲಿ ಹೇಳಿದ್ದಾನೆ. ಕದ್ರಿ ಗೋಪಾಲನಾಥರು ಮೈಸೂರು ಅರಮನೆ ಬ್ಯಾಂಡಿನಲ್ಲಿ ಸ್ಯಾಕ್ಸೊಫೋನ್ ಕೇಳಿ ಮರುಳಾಗಿ, ಗಮಕ ಒಲ್ಲದ ಆ ಲೋಹದಿಂದ ಕರ್ನಾಟಕ ಸಂಗೀತದ ಗಮಕ ಹೊರಡಿಸೋಕೆ ವರ್ಷಗಟ್ಟಲೆ ಒದ್ದಾಡಿದರು. ಪಾರ್ಕರ್‌ಗೆ ಕಾಣಿಕೆಯಾಗಿ ‘ಬರ್ಡ್ ಕಾಲ್ಸ್’ (2015) ಮಾಡಿದ ಅಮೆರಿಕದ ರುದ್ರೇಶ್ ಮಹಾಂತಪ್ಪ ಇದೇ ಕದ್ರಿಯವರ ಜೊತೆ ಕೂತು 2008ರಲ್ಲಿ ‘ಕಿನ್ಸ್‌ಮೆನ್’ ತಂದಿದ್ದ. ಪರಂಪರೆ ಮುಂದೆ ಹೋಗೋದು ಹೀಗೆ, ಪಕ್ಕದಲ್ಲಿ ಕೂತು. ಶ್ರಮ ಬೇರೆ, ಅವಮಾನ ಬೇರೆ. ಎರಡನ್ನೂ ಒಂದೇ ಪೊಟ್ಟಣದಲ್ಲಿ ಕಟ್ಟಿ ಮಾರೋರ ಹತ್ತಿರ ಹುಷಾರಾಗಿರಿ.

ನನಗಿದು ಗೊತ್ತಾಗೋಕೆ ತಡವಾಯ್ತು. ದಂಡಂ ದಶಗುಣಂ ಅನ್ನೋ ಹಳ್ಳಿ ಶಾಲೆಯಲ್ಲಿ ಓದಿದವನು ನಾನು. ‘ಹುಣಸೆ ಬರಲಿಂದ ಹೊಡಿಸಿಕೊಂಡಿದ್ದಕ್ಕೇ ಇವತ್ತು ಬಿಇ ಮಾಡಿದೀನಿ’ ಅಂತ ವರ್ಷಗಟ್ಟಲೆ ಜಂಬ ಕೊಚ್ಚಿದ್ದೀನಿ. ನನ್ನ ಪಕ್ಕ ಕೂರ್ತಿದ್ದವನು ಲೆಕ್ಕದಲ್ಲಿ ನನಗಿಂತ ಚುರುಕು. ಅದೇ ಬರಲಿಂದ ಏಟು ತಿಂದು ಏಳನೇ ಕ್ಲಾಸಿಗೆ ಶಾಲೆ ಬಿಟ್ಟ. ಏಟಿನ ಮಹಿಮೆ ಹೇಳೋಕೆ ನಾನು ಉಳಿದಿದ್ದೀನಿ, ಅವನನ್ನ ಯಾರೂ ಕೇಳಲ್ಲ. ‘ವಿಪ್‌ಲ್ಯಾಶ್’ನಲ್ಲೂ ಆ ಮೇಷ್ಟ್ರ ಹಳೇ ಶಿಷ್ಯನೊಬ್ಬ ಆತ್ಮಹತ್ಯೆ ಮಾಡಿಕೊಂಡಿರ್ತಾನೆ. ನಿರ್ದೇಶಕ ಅದನ್ನ ಮುಚ್ಚಿಟ್ಟಿಲ್ಲ. ಕ್ಲಿಪ್ ಕತ್ತರಿಸೋರು ಅದನ್ನ ಬಿಟ್ಟು ಕತ್ತರಿಸ್ತಾರೆ.

ಮಾರನೇ ದಿನ ಆ ಹುಡುಗಿಯ ಕೋಡ್ ತೆಗೆದು ಅವಳ ಪಕ್ಕ ಕೂತೆ. ತಪ್ಪಿದ್ದದ್ದು ಒಂದು ಕಡೆ. ಸರಿ ಮಾಡೋಕೆ ನಲವತ್ತು ನಿಮಿಷ ಸಾಕಾಯ್ತು. ಆ ತಪ್ಪಿನಲ್ಲಿ ಅರ್ಧ, ನಾನೇ ಎರಡು ವರ್ಷದ ಹಿಂದೆ ಬರೆದಿದ್ದ ಸಾಲುಗಳದ್ದು. ಮೀಟಿಂಗಿನಲ್ಲಿ ಪರದೆ ಮೇಲೆ ಅವೂ ಕಾಣಿಸ್ತಿದ್ದವು, ನಾನು ಗುರುತು ಹಿಡಿದೂ ಇದ್ದೆ.

ಮುಂದಿನ ಸಲ ನಿಮ್ಮ ಮೀಟಿಂಗಿನಲ್ಲಿ ಯಾರಾದ್ರೂ ಆ ಕ್ಲಿಪ್ ಹಾಕಿದರೆ ಜಗಳ ಬೇಡ. ಕೈ ಎತ್ತಿ ಒಂದೇ ಪ್ರಶ್ನೆ ಕೇಳಿ: ‘ಸರ್, ಬಸ್ಟರ್ ಸ್ಮಿತ್ ಯಾರು?’