ಚೋಮನ ಸಾಲ ಯಾರ ಪುಸ್ತಕದಲ್ಲಿತ್ತು?

ಕಳೆದ ಮಹಾಸಭೆಯಲ್ಲಿ ಸದಸ್ಯರೊಬ್ಬರು ಎದ್ದು ನಿಂತು ಕಾಫಿ ವ್ಯಾಪಾರಿಗಳ ಮೇಲೆ ಹರಿಹಾಯ್ದರು. ತೇವಾಂಶದ ಹೆಸರಿನಲ್ಲಿ ಒಂದಿಷ್ಟು, ಔಟ್‌ಟರ್ನಿನ ಹೆಸರಿನಲ್ಲಿ ಮತ್ತೊಂದಿಷ್ಟು ಮುರಿದುಕೊಂಡು, ಉಳಿದದ್ದನ್ನು ಬೆಳೆಗಾರನ ಕೈಗೆ ಹಾಕುತ್ತಾರೆ, ಇದು ಹಗಲು ದರೋಡೆ ಎಂದರು. ಸಭೆ ಚಪ್ಪಾಳೆ ತಟ್ಟಿತು. ನಾವೂ ತಟ್ಟಿದೆವು. ಮುಂದಿನ ವಿಷಯ ಕೊಯ್ಲಿನ ಆಳುಗಳದ್ದು. ಅದೇ ಸದಸ್ಯರು ಮತ್ತೆ ಎದ್ದರು. ಅಸ್ಸಾಮಿನ ಕಡೆಯಿಂದ ಬರುವವರು ಮುಂಗಡ ತೆಗೆದುಕೊಂಡು, ಹತ್ತು ರೂಪಾಯಿ ಹೆಚ್ಚು ಸಿಕ್ಕರೆ ಪಕ್ಕದ ತೋಟಕ್ಕೆ ಹೋಗಿಬಿಡುತ್ತಾರೆ; ಆದ್ದರಿಂದ ಕೊಯ್ಲು ಮುಗಿಯುವ ತನಕ ಅವರ ಆಧಾರ್ ಕಾರ್ಡು ಮಾಲೀಕರ ಬಳಿಯೇ ಇರಲಿ, ಸಂಘದಿಂದಲೇ ಹಾಗೊಂದು ಠರಾವಾಗಲಿ ಎಂದರು. ಆಗಲೂ ಚಪ್ಪಾಳೆ ಬಿತ್ತು. ಹೊತ್ತು ಮೀರಿದ್ದರಿಂದ ವಿಷಯ ಮುಂದಿನ ಸಭೆಗೆ ಹೋಯಿತು.

ಆ ಸದಸ್ಯರು ಕೆಟ್ಟವರಲ್ಲ. ಮಳೆಗಾಲದಲ್ಲಿ ಆಳಿನ ಮಗುವಿಗೆ ಜ್ವರ ಬಂದರೆ ತಮ್ಮ ಜೀಪಿನಲ್ಲೇ ಆಸ್ಪತ್ರೆಗೆ ಕರೆದೊಯ್ಯುವವರು. ಅದಕ್ಕೇ ಈ ಮಾತನ್ನು ನಾವು ಇಲ್ಲಿ ಬರೆಯಬೇಕಾಗಿದೆ.

ಮುಂಗಡ ಕೊಟ್ಟು ಆಳನ್ನು ಕಟ್ಟಿಹಾಕುವ ವಿದ್ಯೆ ನಮ್ಮ ತೋಟಗಳಿಗೆ ಹೊಸದಲ್ಲ. 1859ರಲ್ಲಿ ಇಂಗ್ಲಿಷರ ಸರ್ಕಾರ ಕೆಲಸಗಾರರ ಕರಾರುಭಂಗಕ್ಕೆಂದೇ ಒಂದು ಕಾಯಿದೆ ಮಾಡಿತು. ಮುಂಗಡ ಪಡೆದವನು ಕೆಲಸಕ್ಕೆ ಬಾರದೆ, ಮ್ಯಾಜಿಸ್ಟ್ರೇಟರ ಆಜ್ಞೆಗೂ ಮಣಿಯದಿದ್ದರೆ ಮೂರು ತಿಂಗಳವರೆಗೆ ಸೆರೆಮನೆ. ಸಾಮಾನ್ಯ ಸಾಲಗಾರನಾದರೆ ಸಿವಿಲ್ ದಾವೆ, ಕೂಲಿಯವನಾದರೆ ಜೈಲು! ದಕ್ಷಿಣದ ತೋಟಗಾರರು ಈ ಕಾಯಿದೆಯನ್ನು ಚೆನ್ನಾಗಿಯೇ ಬಳಸಿಕೊಂಡರು. ಅದನ್ನು ರದ್ದುಮಾಡಲು 1925ರ ತನಕ ಕಾಯಬೇಕಾಯಿತು. ಕಾಯಿದೆ ಹೋದರೂ ಪುಸ್ತಕ ಉಳಿಯಿತು. ಮೇಸ್ತ್ರಿ ಘಟ್ಟದ ಕೆಳಗೆ ಹೋಗಿ ಹಣ ಹಂಚಿ ಬರುವುದು, ರೈಟರು ಹೆಸರಿನ ಮುಂದೆ ಅಂಕಿ ಬರೆಯುವುದು, ಆ ಅಂಕಿ ಮಗನ ಕಾಲಕ್ಕೂ ಮುಗಿಯದಿರುವುದು, ಇವೆಲ್ಲ ಹಿಂದಿನಂತೆಯೇ ನಡೆದವು.

ಶಿವರಾಮ ಕಾರಂತರ 'ಚೋಮನ ದುಡಿ' ಬಂದದ್ದು 1933ರಲ್ಲಿ. ನಮ್ಮಲ್ಲಿ ಅನೇಕರು ಅದನ್ನು ಶಾಲೆಯಲ್ಲಿ ಓದಿದ್ದೇವೆ. ಓದದವರು 1975ರ ಸಿನಿಮಾದಲ್ಲಿ ವಾಸುದೇವರಾಯರ ಅಭಿನಯವನ್ನಾದರೂ ನೋಡಿದ್ದಾರೆ. ಸ್ವಂತ ಬೇಸಾಯ ಮಾಡುವ ಚೋಮನ ಆಸೆಗೆ ಜಾತಿ ಅಡ್ಡ ಬಂತು ಎಂಬುದು ಎಲ್ಲರಿಗೂ ನೆನಪಿದೆ. ಆದರೆ ಆ ಕುಟುಂಬವನ್ನು ನುಂಗಿದ ಸಾಲ ಕಾಫಿ ತೋಟದ್ದು ಎಂಬುದನ್ನು ನಾವು ಬೆಳೆಗಾರರು ಅಷ್ಟಾಗಿ ನೆನೆಯುವುದಿಲ್ಲ. ಸಾಲ ತೀರಿಸಲು ಚೋಮ ಇಬ್ಬರು ಮಕ್ಕಳನ್ನು ತೋಟಕ್ಕೆ ಕಳಿಸುತ್ತಾನೆ. ಒಬ್ಬ ರೋಗಕ್ಕೆ ಬಲಿ. ಇನ್ನೊಬ್ಬ ಮನೆಗೆ ಮರಳುವುದಿಲ್ಲ. ಕೊನೆಗೆ ಮಗಳು ಬೆಳ್ಳಿ ಹೋಗುತ್ತಾಳೆ. ಸಾಲ ಹರಿಯುತ್ತದೆ, ಹರಿದದ್ದು ಅವಳ ದುಡಿಮೆಗಲ್ಲ, ಧಣಿ ಅವಳ ಮೈಮೇಲೆ ಕೈಹಾಕಿದ್ದಕ್ಕೆ. ಕಾರಂತರು ಇದನ್ನು ಎಲ್ಲೋ ದೂರದ ಊರಿನ ಕಥೆಯಾಗಿ ಬರೆಯಲಿಲ್ಲ.

ಹತ್ತು ವರ್ಷಗಳ ನಂತರ, 1943ರಲ್ಲಿ, ಅವರೇ 'ಬೆಟ್ಟದ ಜೀವ' ಬರೆದರು. ಈ ಪುಸ್ತಕ ನಮಗೆ ಬಲು ಪ್ರಿಯ. ಕುಮಾರಪರ್ವತದ ತಪ್ಪಲಿನ ದಟ್ಟ ಕಾಡಿನಲ್ಲಿ ಮಣ್ಣು ಅಗೆದು, ಆನೆ ಹುಲಿಗಳೊಡನೆ ಸೆಣಸಿ ಅಡಿಕೆ ತೋಟ ಎಬ್ಬಿಸಿದ ಗೋಪಾಲಯ್ಯನವರಲ್ಲಿ ನಮ್ಮ ಅಜ್ಜಂದಿರನ್ನೇ ಕಾಣುತ್ತೇವೆ. ಅವರ ಛಲ ಸುಳ್ಳಲ್ಲ. ಆದರೆ ಎರಡೂ ಪುಸ್ತಕಗಳನ್ನು ಪಕ್ಕದಲ್ಲಿಟ್ಟು ಓದಿದವರಿಗೆ ಒಂದು ಸಂಗತಿ ಮುಳ್ಳಿನಂತೆ ಚುಚ್ಚುತ್ತದೆ. ಗೋಪಾಲಯ್ಯನವರು ಗುಡ್ಡ ಕಡಿದು ತೋಟ ಮಾಡಿದರೆ ಅದು ಸಾಹಸ. ಚೋಮ ಒಂದು ತುಂಡು ಗದ್ದೆ ಕೇಳಿದರೆ ಅದು ಅಧಿಕಪ್ರಸಂಗ. ಬೆವರು ಸುರಿಸಲು ಇಬ್ಬರೂ ಸಿದ್ಧರಿದ್ದರು. ನೆಲ ದಕ್ಕಿದ್ದು ಒಬ್ಬರಿಗೆ.

ಕಾಡಿನ ಲೆಕ್ಕವೂ ಹೀಗೆಯೇ. ಉತ್ತರ ಕನ್ನಡದಲ್ಲಿ ಇಂಗ್ಲಿಷರ ಕಾಲದಿಂದ ಒಂದು ಎಕರೆ ಅಡಿಕೆ ತೋಟಕ್ಕೆ 9 ಎಕರೆಯವರೆಗೆ ಸೊಪ್ಪಿನ ಬೆಟ್ಟ ಬಿಟ್ಟಿದ್ದರು. ಎಂದರೆ ಒಂದು ಎಕರೆ ತೋಟ ಒಂಬತ್ತು ಎಕರೆ ಕಾಡನ್ನು ತಿಂದು ಬದುಕುತ್ತದೆಂದು ಸರ್ಕಾರಕ್ಕೂ ಗೊತ್ತಿತ್ತು, ತೋಟದವರಿಗೂ ಗೊತ್ತಿತ್ತು. ಸೊಪ್ಪು ಕಡಿದು, ಮರ ಚಿಗುರಲು ಬಿಟ್ಟವರ ಬೆಟ್ಟ ಇನ್ನೂ ಹಸಿರಾಗಿದೆ. ಬರೀ ಕಡಿದವರ ಬೆಟ್ಟ ಬೋಳಾಗಿದೆ. ಕೊಡಗಿನ ದೇವರಕಾಡುಗಳು 1905ರಲ್ಲಿ 15,506 ಎಕರೆ ಇದ್ದವು. 1985ಕ್ಕೆ 6,299 ಎಕರೆಗೆ ಇಳಿದಿದ್ದವು. ಒತ್ತಿಕೊಂಡದ್ದು ಯಾವ ಬೆಳೆ ಎಂದು ಈ ಪತ್ರಿಕೆಯ ಓದುಗರಿಗೆ ಬಿಡಿಸಿ ಹೇಳಬೇಕಿಲ್ಲ. ದೇವರಿಗೇ ಬಿಟ್ಟ ಕಾಡಿನ ಗತಿ ಹೀಗಾದರೆ ಉಳಿದ ಕಾನಿನ ಪಾಡೇನು?

ಪರರ ಮಾತು ಸಾಕು. ನಮ್ಮ ಮನೆಯ ಅಟ್ಟದಲ್ಲಿ ತೀರಿಕೊಂಡ ತಂದೆಯವರ ಮುಂಗಡದ ಪುಸ್ತಕ ಇದೆ. ಅದರಲ್ಲಿ ಒಂದು ಹೆಸರಿನ ಮುಂದಿನ ಬಾಕಿ ಮೂರು ಪುಸ್ತಕಗಳ ತನಕ ಹರಿದು ಬಂದಿದೆ. ಮೊದಲ ಪುಸ್ತಕದಲ್ಲಿ ಅಪ್ಪನ ಹೆಸರು, ಮೂರನೆಯದರಲ್ಲಿ ಮಗನದು. ಆ ಮಗ ನಮ್ಮೊಡನೆ ಗೋಲಿ ಆಡಿದವನು. ಅವನು ಶಾಲೆಗೆ ಏಕೆ ಬರುತ್ತಿರಲಿಲ್ಲವೆಂದು ನಾವು ಆಗ ಕೇಳಲಿಲ್ಲ. ಇನ್ನು 2002ರ ಸುಮಾರಿಗೆ ಕಾಫಿ ಧಾರಣೆ ಪಾತಾಳಕ್ಕಿಳಿದಾಗ, ಅಜ್ಜ ಉಳಿಸಿದ್ದ ಹಲಸು ನಂದಿಗಳನ್ನು ಪರವಾನಗಿ ಪಡೆದೇ ಮಾರಿದವರೂ ನಾವೇ. ಬ್ಯಾಂಕಿನ ಕಂತು ಕಟ್ಟಿದೆವು, ಸಿಲ್ವರ್ ಓಕ್ ನೆಟ್ಟೆವು. ನೆರಳು ತೆಳುವಾದ ಆ ಪಟ್ಟೆಯಲ್ಲಿ ಅರೇಬಿಕಾ ಗಿಡಗಳಿಗೆ ಬಿಳಿ ಕಾಂಡಕೊರಕ ಹತ್ತಿ, ಕಿತ್ತು ಸುಡುವುದೇ ಕೆಲಸವಾಯಿತು. ನೀರಿನ ಒರತೆಯೊಂದಿತ್ತು, ಈಗ ಏಪ್ರಿಲ್‌ನಲ್ಲಿ ಒಣಗುತ್ತದೆ.

ಸಣ್ಣ ಬೆಳೆಗಾರರಾದ ನಮ್ಮನ್ನು ಶೋಷಕರೆನ್ನುವುದು ಅನ್ಯಾಯವೆಂದು ಕೆಲವರು ಮುನಿಸಿಕೊಳ್ಳಬಹುದು. ಅವರ ಮಾತಿನಲ್ಲಿ ಸತ್ಯವಿದೆ. 1970ರ ಆಸುಪಾಸಿನಲ್ಲಿ ಅಡಿಕೆ ಕುಸಿದಾಗ ಬೆಳೆಗಾರ ಯಾರ ಕೈಯಲ್ಲಿ ನರಳಿದನೆಂಬುದು ಗೊತ್ತಿದ್ದದ್ದೇ. 1973ರಲ್ಲಿ ಕ್ಯಾಂಪ್ಕೊ ಹುಟ್ಟಿದ್ದು ಅದಕ್ಕಾಗಿ. 1951ರ ತೋಟ ಕಾರ್ಮಿಕರ ಕಾಯಿದೆ ಕೂಡ ನಮ್ಮಂಥ ಚಿಕ್ಕ ತೋಟಗಳನ್ನು ಹೊರಗೇ ಇಟ್ಟಿತ್ತು. ಮನೆ, ಆಸ್ಪತ್ರೆ, ಶಿಶುವಿಹಾರ ಕಟ್ಟಿಕೊಡುವ ಶಕ್ತಿ ಐದು ಎಕರೆಯವನಿಗೆ ಇಲ್ಲ, ಒಪ್ಪಿದೆವು. ಆದರೆ ಇನ್ನೊಬ್ಬರ ಕಾರ್ಡನ್ನು ಕಿಸೆಯಲ್ಲಿಟ್ಟುಕೊಳ್ಳದಿರುವುದಕ್ಕೆ ಎಷ್ಟು ಎಕರೆ ಬೇಕು? 2024ರಲ್ಲಿ ರೋಬಸ್ಟಾ ಹಿಂದೆಂದೂ ಕಾಣದ ಧಾರಣೆ ಕಂಡಿತು. ಆ ವರ್ಷ ಕೊಯ್ಲಿನ ಕೂಲಿಯನ್ನು ತಾನಾಗಿ ಏರಿಸಿದ ತೋಟಗಳು ನಮ್ಮ ಸಂಘದ ವ್ಯಾಪ್ತಿಯಲ್ಲಿ ಎಷ್ಟಿದ್ದವೆಂದು ಸದಸ್ಯರೇ ಎಣಿಸಿ ನೋಡಲಿ.

ಆಳುಗಳು ನಡುವೆ ಬಿಟ್ಟುಹೋದರೆ ಹಣ್ಣು ಉದುರಿ ನೆಲದ ಪಾಲಾಗುವುದು ನಮಗೂ ಗೊತ್ತಿರುವ ಕಷ್ಟವೇ. ಅದಕ್ಕೆ ಬೇರೆ ದಾರಿಗಳುಂಟು. ಮುಂಗಡವನ್ನು ಕಡಿಮೆ ಮಾಡಿ ವಾರವಾರ ಬಟವಾಡೆ ಮಾಡೋಣ. ಕಿಲೋ ಲೆಕ್ಕದ ದರವನ್ನು ಕೊಯ್ಲಿಗೆ ಮೊದಲೇ ಸಂಘದ ಫಲಕದಲ್ಲಿ ಬರೆದು ಹಾಕೋಣ; ಪಕ್ಕದ ತೋಟದವರು ರಾತ್ರೋರಾತ್ರಿ ಏರಿಸಿ ಆಳು ಸೆಳೆಯುವುದೂ ತಪ್ಪೀತು. ಹಸಿ ಹಣ್ಣಿನ ತೂಕವನ್ನು ಅವರ ಎದುರಿಗೇ ಮಾಡಿ ಚೀಟಿ ಕೊಡೋಣ. ವ್ಯಾಪಾರಿಯಿಂದ ನಾವು ಕೇಳುವುದೂ ಇದನ್ನೇ ಅಲ್ಲವೇ? ಕೊಯ್ಲು ಮುಗಿಯುವ ತನಕ ನಿಂತವರಿಗೆ ಕೊನೆಯಲ್ಲಿ ಒಂದಿಷ್ಟು ಹೆಚ್ಚುವರಿ ಕೊಟ್ಟರೆ ಮುಂದಿನ ವರ್ಷವೂ ಅವರೇ ಬರುತ್ತಾರೆ. ಎರಡು ವರ್ಷದಿಂದ ನಮ್ಮ ತೋಟದಲ್ಲಿ ಹೀಗೆ ಮಾಡಿದ್ದೇವೆ. ಮೊದಲ ವರ್ಷ ಇಬ್ಬರು ಬಿಟ್ಟುಹೋದರು, ಉಳಿದವರು ನಿಂತರು.

ಮುಂಗಡದ ಕಾರಣಕ್ಕೆ ಮನುಷ್ಯನೊಬ್ಬ ಬೇರೆ ಕೆಲಸ ಹಿಡಿಯುವ, ಬೇಕಾದೆಡೆ ಹೋಗುವ ಸ್ವಾತಂತ್ರ್ಯ ಕಳೆದುಕೊಂಡರೆ ಅದು ಜೀತವೇ ಎಂದು 1976ರ ಜೀತ ಪದ್ಧತಿ ರದ್ದತಿ ಕಾಯಿದೆ ಹೇಳುತ್ತದೆ. ಆಧಾರ್ ಕಾರ್ಡಿನ ಠರಾವು ಮುಂದಿನ ಸಭೆಯ ವಿಷಯಪಟ್ಟಿಯಲ್ಲಿ ಐದನೆಯದಾಗಿದೆ. ಅದನ್ನು ವಿರೋಧಿಸಿ ಮಾತನಾಡಲು ಅಧ್ಯಕ್ಷರಲ್ಲಿ ಅನುಮತಿ ಕೇಳಿದ್ದೇವೆ. ಅದು ಪಾಸಾದರೆ ನಡಾವಳಿ ಪುಸ್ತಕದಲ್ಲಿ ಬರೆಯಲು ಸಂಘ ಬೇರೊಬ್ಬ ಕಾರ್ಯದರ್ಶಿಯನ್ನು ನೋಡಿಕೊಳ್ಳಬೇಕಾಗುತ್ತದೆ.